ಎರಡು ಊರು, ಮೂರು ಪ್ರತಿ

ಶಿವಮೊಗ್ಗ, ಭದ್ರಾವತಿಗಳಲ್ಲಿ ಹಾಡು ಕೂಡಿಡುವ ಹವ್ಯಾಸಕ್ಕೆ ಸಾಕಷ್ಟು ವಯಸ್ಸಾಗಿದೆ. ಭದ್ರಾವತಿ ಆಕಾಶವಾಣಿ ಪ್ರಸಾರ ಶುರುಮಾಡಿದ್ದು 1965ರ ಫೆಬ್ರುವರಿಯಲ್ಲಿ. 675 ಕಿಲೋಹರ್ಟ್ಸ್‌ಗೆ ಮುಳ್ಳು ತಿರುಗಿಸಿ ಸುಗಮ ಸಂಗೀತ, ಜನಪದ ಗೀತೆ ಕೇಳುತ್ತಿದ್ದ ಮನೆಗಳಿಗೆ ಮುಂದೆ ಟು-ಇನ್-ಒನ್ ಬಂತು. ಇಷ್ಟದ ಹಾಡು ಬಂದ ಕೂಡಲೇ ಕೆಂಪು ಗುಂಡಿ ಒತ್ತಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವ ಅಭ್ಯಾಸವೂ ಅದರೊಂದಿಗೆ ಬಂತು. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಹೊರಬಿದ್ದ ಮೇಲಂತೂ ಭಾವಗೀತೆ ಕಪಾಟಿನಲ್ಲಿ ಇಟ್ಟುಕೊಳ್ಳಬಹುದಾದ ಸೊತ್ತಾಯಿತು. ಅದರ ಕವಿ ಕೆ.ಎಸ್. ನಿಸಾರ್ ಅಹಮದ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು. ‘ಕಾಡು ಕುದುರೆ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ತಂದ ಶಿವಮೊಗ್ಗ ಸುಬ್ಬಣ್ಣನವರು ಹೊಸನಗರ ತಾಲ್ಲೂಕಿನ ನಗರದವರು. ಆದ್ದರಿಂದ ಶಿವಮೊಗ್ಗದವರ ಕ್ಯಾಸೆಟ್ ಪೆಟ್ಟಿಗೆಯಲ್ಲಿ ಅಭಿಮಾನದ ಪಾಲು ತುಸು ಹೆಚ್ಚೇ.

ಭದ್ರಾವತಿಯ ಪೆಟ್ಟಿಗೆ ಬೇರೆ ಥರದ್ದು. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳ ಕೆಲಸಕ್ಕೆ ಬಂದು ನೆಲೆಸಿದ ತಮಿಳರು, ತೆಲುಗರು, ಮಲಯಾಳಿಗಳು ತಮ್ಮ ತಮ್ಮ ಹಾಡುಗಳನ್ನೂ ತಂದರು. ನ್ಯೂಟೌನಿನ ಅಥವಾ ಪೇಪರ್ ಟೌನಿನ ಕ್ವಾರ್ಟರ್ಸಿನಲ್ಲಿ ರಾಜ್‌ಕುಮಾರ್ ಹಾಡಿನ ಪಕ್ಕದಲ್ಲೇ ಇಳಯರಾಜರ ತಮಿಳು ಕ್ಯಾಸೆಟ್, ಅದರ ಪಕ್ಕ ಘಂಟಸಾಲ, ಪಕ್ಕದ ಬೀದಿಯಲ್ಲಿ ಕವ್ವಾಲಿ. ಕಾಗದದ ಕಾರ್ಖಾನೆ ನಿಂತ ಮೇಲೆ, ಉಕ್ಕಿನ ಕಾರ್ಖಾನೆಯ ಹಾಜರಿ ಪುಸ್ತಕ ತೆಳ್ಳಗಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ಮಕ್ಕಳಿರುವ ಬೆಂಗಳೂರಿಗೆ ಹೋದ ಕುಟುಂಬಗಳು ಎಷ್ಟೋ. ಮನೆ ಖಾಲಿ ಮಾಡುವಾಗ ಗುಜರಿಯವನ ತಕ್ಕಡಿಗೆ ಮೊದಲು ಬೀಳುವುದು ಹಳೆಯ ಪತ್ರಿಕೆಗಳು, ಆಮೇಲೆ ಕ್ಯಾಸೆಟ್ಟುಗಳು.

ಕ್ಯಾಸೆಟ್ಟಿನ ನಂತರದ ಕಾಲದ್ದು ನಮಗೆಲ್ಲ ನೆನಪಿರುವ ಕಥೆ. ನೂರು-ನೂರೈವತ್ತು ಹಾಡು ತುಂಬಿದ ಎಂಪಿ3 ಸಿ.ಡಿ. ಬಂತು. ಆಮೇಲೆ ಮೊಬೈಲ್ ಅಂಗಡಿಯಲ್ಲಿ ಕಾಸು ಕೊಟ್ಟು ಮೆಮೊರಿ ಕಾರ್ಡಿಗೆ ‘ಹಾಡು ಹಾಕಿಸಿಕೊಳ್ಳುವ’ ಕಾಲ ಬಂತು. ಕೊನೆಗೆ ಇವೆಲ್ಲವೂ ಹೋಗಿ ಸೇರಿದ್ದು ಮೇಜಿನ ಮೇಲಿನ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ. ನಲವತ್ತು ವರ್ಷ ಅಲ್ಲಲ್ಲಿ ಹರಡಿಕೊಂಡಿದ್ದ ಸಂಗ್ರಹ ಈಗ ಅಂಗೈಯಗಲದ ಒಂದೇ ಪೆಟ್ಟಿಗೆಯಲ್ಲಿದೆ. ಮೊದಲಾದರೆ ಒಂದು ಕ್ಯಾಸೆಟ್ ಸಿಕ್ಕಿಕೊಂಡು ಹರಿದರೆ ಹನ್ನೆರಡು ಹಾಡು ಹೋಗುತ್ತಿತ್ತು. ಈಗ ಹೋದರೆ ಹನ್ನೆರಡು ಸಾವಿರ.

ಯಾವುದನ್ನು ಕಾಯಬೇಕು?

ಬ್ಯಾಕಪ್ಪಿನ ಬಗ್ಗೆ ಬರುವ ಸಲಹೆಗಳೆಲ್ಲ ಯಾವ ಡಿಸ್ಕ್, ಯಾವ ತಂತ್ರಾಂಶ ಎಂಬಲ್ಲಿಂದ ಶುರುವಾಗುತ್ತವೆ. ನನ್ನ ಮಟ್ಟಿಗೆ ಅದು ತಿರುಗುಮುರುಗು. ಮೊದಲು ಕೇಳಬೇಕಾದದ್ದು, ಇದು ಹೋದರೆ ಮತ್ತೆ ಎಲ್ಲಾದರೂ ಸಿಗುತ್ತದೆಯೇ ಎಂದು. ಬೇಸಾಯಗಾರ ಉಣ್ಣುವ ಭತ್ತವನ್ನೂ ಬಿತ್ತನೆಯ ಭತ್ತವನ್ನೂ ಒಂದೇ ಪಣತದಲ್ಲಿ ಸುರಿಯುವುದಿಲ್ಲ. ಹಾಡಿನ ಸಂಗ್ರಹದಲ್ಲೂ ಅಂಥ ಎರಡು ಪಾಲುಗಳಿವೆ. ಸಿನಿಮಾ ಹಾಡುಗಳು, ದೊಡ್ಡ ಕಂಪನಿಗಳ ಭಾವಗೀತೆ, ಭಕ್ತಿಗೀತೆಗಳು ಗಾತ್ರದಲ್ಲಿ ನೂರಕ್ಕೆ ತೊಂಬತ್ತು ಪಾಲು ಇರಬಹುದು. ಹೋದರೆ ಬೇಜಾರು, ಆದರೆ ಹುಡುಕಿದರೆ ಸಿಗುತ್ತವೆ. ಉಳಿದ ಹತ್ತು ಪಾಲಿನಲ್ಲಿ ಇರುವುದು ಜಗತ್ತಿನಲ್ಲಿ ಆ ಮನೆಯಲ್ಲಿ ಮಾತ್ರ ಇರುವ ಧ್ವನಿ.

ಅಂಥವು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿವೆ. ನಾಮಕರಣದಲ್ಲಿ ಅಜ್ಜಿ ಹೇಳಿದ ಸೋಬಾನೆ. ದೀಪಾವಳಿ ರಾತ್ರಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಮನೆಗೆ ಜ್ಯೋತಿ ಹೊತ್ತು ಬರುವ ಅಂಟಿಗೆ ಪಂಟಿಗೆಯವರ ಪದ, ಯಾರೋ ಹುಡುಗ ಫೋನಿನಲ್ಲಿ ಹಿಡಿದದ್ದು. ಗಮಕಕ್ಕೆ ಹೆಸರಾದ ಮತ್ತೂರು, ಹೊಸಹಳ್ಳಿಗಳಂತೂ ಶಿವಮೊಗ್ಗದ ಪಕ್ಕದಲ್ಲೇ ಇವೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರ ವಾಚನ, ಮತ್ತೂರು ಕೃಷ್ಣಮೂರ್ತಿಯವರ ವ್ಯಾಖ್ಯಾನದ ಜೋಡಿಯ ಧ್ವನಿಮುದ್ರಿಕೆಗಳು ಪ್ರಸಿದ್ಧವೇ ಸರಿ, ಅವು ಎಲ್ಲಿಗೂ ಹೋಗುವುದಿಲ್ಲ. ಆದರೆ ಯಾವುದೋ ಮನೆಯ ಜಗುಲಿಯಲ್ಲಿ, ಗಣಪತಿ ಪೆಂಡಾಲಿನಲ್ಲಿ ಹಾಡಿದ ಒಂದು ಸಂಜೆಯ ವಾಚನ ಟೇಪಾಗಿದ್ದರೆ ಅದಕ್ಕೆ ಎರಡನೆಯ ಪ್ರತಿ ಎಲ್ಲಿಂದ ಬರಬೇಕು? ಕೃಷ್ಣಮೂರ್ತಿಯವರು 2011ರಲ್ಲಿ ತೀರಿಕೊಂಡರು. ಕೇಶವಮೂರ್ತಿಯವರು 2022ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ಹೋದರು. ಆ ಸಾಲಿಗೆ ಸೇರಿಸಬೇಕಾದದ್ದು ಯಕ್ಷಗಾನ ಬಯಲಾಟದ ಟೇಪುಗಳು. 1990ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲೇ ಅಪಘಾತಕ್ಕೆ ಸಿಕ್ಕಿ ಹೋದ ಕಾಳಿಂಗ ನಾವಡರ ಭಾಗವತಿಕೆಯನ್ನು ಟೆಂಟಿನ ಮುಂದಿನ ಸಾಲಿನಲ್ಲಿ ಟೇಪ್ ರೆಕಾರ್ಡರ್ ಮಡಿಲಲ್ಲಿಟ್ಟುಕೊಂಡು ಹಿಡಿದವರು ಮಲೆನಾಡಿನಲ್ಲಿ ಬೇಕಾದಷ್ಟು ಜನ ಇದ್ದರು.

ರೇಡಿಯೋದಿಂದ ಇಳಿಸಿಕೊಂಡದ್ದಕ್ಕೆ ಬೆಲೆ ಏನು, ಆಕಾಶವಾಣಿಯಲ್ಲೇ ಇರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ ಇಂಗ್ಲೆಂಡಿನಲ್ಲಿದೆ. ಬಿಬಿಸಿ 1960-70ರ ದಶಕಗಳಲ್ಲಿ ಟೇಪು ಉಳಿಸಲೆಂದು ತನ್ನದೇ ಕಾರ್ಯಕ್ರಮಗಳನ್ನು ಅಳಿಸಿಹಾಕಿತು. ‘ಡಾಕ್ಟರ್ ಹೂ’ ಧಾರಾವಾಹಿಯ ಎಷ್ಟೋ ಕಂತುಗಳ ಚಿತ್ರ ಹೋಯಿತು. ಆದರೆ ಹೋದ ಪ್ರತಿಯೊಂದು ಕಂತಿನ ಧ್ವನಿಯೂ ಇಂದು ಉಳಿದಿದೆ, ಕಾರಣ ಮನೆಯ ಟೀವಿ ಮುಂದೆ ಟೇಪ್ ರೆಕಾರ್ಡರ್ ಹಿಡಿದು ಕೂತಿದ್ದ ಅಭಿಮಾನಿಗಳು. ಸಂಸ್ಥೆ ಅಳಿಸಿದ್ದನ್ನು ಸಂಸಾರ ಉಳಿಸಿತು.

ಇನ್ನು ‘ಎಲ್ಲ ಆನ್‌ಲೈನಿನಲ್ಲಿ ಸಿಗುತ್ತದಲ್ಲ’ ಎಂಬ ಮಾತು. ಸಿಗುತ್ತದೆ, ಸಿಗುವವರೆಗೆ. ಗೂಗಲ್ ಪ್ಲೇ ಮ್ಯೂಸಿಕ್ 50,000 ಹಾಡುಗಳವರೆಗೆ ನಮ್ಮದೇ ಕಡತಗಳನ್ನು ಇಟ್ಟುಕೊಳ್ಳಲು ಬಿಡುತ್ತಿತ್ತು. 2020ರ ಕೊನೆಗೆ ಅಂಗಡಿ ಮುಚ್ಚಿತು. ಏರ್‌ಟೆಲ್‌ನ ವಿಂಕ್ ಮುಚ್ಚುವ ಸುದ್ದಿ ಬಂದದ್ದು 2024ರಲ್ಲಿ. ಮೈಸ್ಪೇಸ್‌ನದಂತೂ ಪಾಠವಾಗಿ ಹೇಳಬೇಕಾದ ಪ್ರಸಂಗ. ಸರ್ವರ್ ಬದಲಾಯಿಸುವಾಗ 2003ರಿಂದ 2015ರವರೆಗಿನ ಸುಮಾರು 5 ಕೋಟಿ ಹಾಡುಗಳು ಹೋದವೆಂದು 2019ರಲ್ಲಿ ಹೊರಬಿತ್ತು. ಅದರಲ್ಲಿ 4.9 ಲಕ್ಷದಷ್ಟು ಮಾತ್ರ ಮತ್ತೆ ಸಿಕ್ಕವು, ಅದೂ ಸಂಶೋಧನೆಗೆಂದು ಯಾರೋ ಮೊದಲೇ ನಕಲು ಮಾಡಿಟ್ಟುಕೊಂಡಿದ್ದರಿಂದ.

ಟೇಪಿನಿಂದ ಕಡತಕ್ಕೆ

ಬ್ಯಾಕಪ್ಪಿಗೆ ಮುಂಚಿನ ಕೆಲಸ ಇದು, ಮತ್ತು ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವಂಥದ್ದು. ಕ್ಯಾಸೆಟ್ ಓಡುವುದು ಅದರದೇ ವೇಗದಲ್ಲಿ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಬೇಕೇ ಬೇಕು. ಮುನ್ನೂರು ಕ್ಯಾಸೆಟ್ ಇದ್ದರೆ ಮುನ್ನೂರು ಗಂಟೆ. ದಿನಕ್ಕೊಂದರಂತೆ ಮಾಡಿದರೂ ಹತ್ತು ತಿಂಗಳು. ಆದ್ದರಿಂದಲೇ ಮೊದಲ ವಿಂಗಡಣೆ ಮುಖ್ಯ. ಅಂಗಡಿಯಿಂದ ತಂದ ಸಿನಿಮಾ ಕ್ಯಾಸೆಟ್ಟನ್ನು ಕಷ್ಟಪಟ್ಟು ಕಂಪ್ಯೂಟರಿಗೆ ಇಳಿಸುವುದು ಬಹುಪಾಲು ವ್ಯರ್ಥ. ಕೈಬರಹದ ಲೇಬಲ್ ಇರುವವು ಮೊದಲು, ಲೇಬಲ್ಲೇ ಇಲ್ಲದವು ಅದಕ್ಕಿಂತ ಮೊದಲು.

ಮಲೆನಾಡಿನ ಸೆರಗಿನ ಈ ಊರುಗಳಲ್ಲಿ ಟೇಪಿಗೆ ಮೊದಲ ಶತ್ರು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗೆ ಗಾಳಿಯಾಡದಿದ್ದರೆ ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ಹಾಗೇ ಡೆಕ್ಕಿಗೆ ಹಾಕಿದರೆ ಹೆಡ್ಡು ಕೊಳೆಯಾಗುವುದಲ್ಲದೆ ಮುಂದಿನ ಕ್ಯಾಸೆಟ್ಟಿಗೂ ಬೂಷ್ಟು ಹತ್ತುತ್ತದೆ. ಬಿಸಿಲುಗಾಲದ ಒಣ ಹವೆಯಲ್ಲಿ ಈ ಕೆಲಸ ಮಾಡುವುದು ಲೇಸು. ಟೇಪು ಅಂಟಿಕೊಂಡಿದೆಯೇ ಎಂದು ಮೊದಲು ಕೈಯಿಂದ ನಿಧಾನವಾಗಿ ಸುತ್ತಿ ನೋಡಬೇಕು. ಒತ್ತುವ ಸಣ್ಣ ಸ್ಪಂಜಿನ ಪ್ಯಾಡ್ ಉದುರಿದ್ದರೆ ಒಳಗಿನ ಟೇಪನ್ನು ಬೇರೆ ಚಿಪ್ಪಿಗೆ ವರ್ಗಾಯಿಸಬೇಕು. ಸ್ಕ್ರೂ ಇರುವ ಖಾಲಿ ಕ್ಯಾಸೆಟ್ ಒಂದೆರಡು ಇದಕ್ಕೆಂದೇ ಇಟ್ಟುಕೊಂಡಿರಬೇಕು. ಹೆಡ್ಡು ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್. ಸೆಂಟು ಬೇಡ, ಅಂಥ ಪ್ರಯೋಗಗಳೂ ನಡೆಯುತ್ತವೆ.

ಬಹಳ ಜನ ಬಿಟ್ಟುಬಿಡುವ ಒಂದು ಹೆಜ್ಜೆ ಹೆಡ್ಡಿನ ಓರೆ ಸರಿಪಡಿಸುವುದು. ಮನೆಯಲ್ಲಿ ಟೇಪಾದ ಕ್ಯಾಸೆಟ್ಟುಗಳು ಯಾವ್ಯಾವುದೋ ಯಂತ್ರದಲ್ಲಿ ಟೇಪಾದವು. ಅದರ ಹೆಡ್ಡು ಕೂದಲೆಳೆಯಷ್ಟು ಓರೆ ಇದ್ದಿದ್ದರೆ ನಮ್ಮ ಡೆಕ್ಕಿನಲ್ಲಿ ಧ್ವನಿ ಕಂಬಳಿ ಹೊದ್ದಂತೆ ಕೇಳುತ್ತದೆ. ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಎಳ್ಳಷ್ಟು ತಿರುಗಿಸಿ, ತಾಳದ ಠಣಕು, ‘ಸ’ಕಾರ ‘ಶ’ಕಾರಗಳು ತಿಳಿಯಾಗುವಲ್ಲಿ ನಿಲ್ಲಿಸಬೇಕು. ಕಂಪ್ಯೂಟರಿಗೆ ಬಂದ ಮೇಲೆ ಯಾವ ತಂತ್ರಾಂಶವೂ ಇದನ್ನು ಪೂರ್ತಿ ಸರಿಮಾಡಲಾರದು.

ಧ್ವನಿಭಂಡಾರಗಳ ಅಂತಾರಾಷ್ಟ್ರೀಯ ಸಂಘದ ಮಾರ್ಗಸೂಚಿಯಲ್ಲಿ ಹೇಳಿರುವ ಕನಿಷ್ಠ ಮಟ್ಟ 48 ಕಿಲೋಹರ್ಟ್ಸ್, 24 ಬಿಟ್. ಅವರು ಮೆಚ್ಚುವುದು 96. ಮನೆಯ ಕ್ಯಾಸೆಟ್ಟಿಗೆ 48 ಧಾರಾಳವಾಯಿತು. ಗಂಟೆಗೆ ಸುಮಾರು 1 ಜಿ.ಬಿ. ಬೇಕಾಗುತ್ತದೆ. ಅದನ್ನು ಫ್ಲ್ಯಾಕ್‌ಗೆ ಬದಲಾಯಿಸಿದರೆ ಒಂದು ಕಣವೂ ಕಳೆಯದೆ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅಂದರೆ ಆ ಮುನ್ನೂರು ಕ್ಯಾಸೆಟ್ಟೂ 200 ಜಿ.ಬಿ. ಒಳಗೇ ಬಂದಾವು. ಇಂದಿನ ಡಿಸ್ಕುಗಳ ಲೆಕ್ಕದಲ್ಲಿ ಏನೂ ಅಲ್ಲ.

ಯಕ್ಷಗಾನದವರಿಗೆ ಮಾತ್ರ ಬೇರೊಂದು ತೊಡಕು. ರಾತ್ರಿ ಹತ್ತರಿಂದ ಬೆಳಗಿನ ಜಾವದವರೆಗಿನ ಆಟವನ್ನು ಡಿಜಿಟಲ್ ರೆಕಾರ್ಡರಿನಲ್ಲಿ ಒಂದೇ ಕಡತವಾಗಿ ಹಿಡಿದರೆ ಸಿ.ಡಿ. ಗುಣಮಟ್ಟದಲ್ಲೇ ಗಂಟೆಗೆ 635 ಎಂ.ಬಿ. ಆಗುತ್ತದೆ. ಸಾಮಾನ್ಯ ವೇವ್ ಕಡತದ ಮಿತಿ 4 ಜಿ.ಬಿ. ಹಳೆಯ ಪೆನ್‌ಡ್ರೈವುಗಳ ಫ್ಯಾಟ್32 ವ್ಯವಸ್ಥೆಗೂ ಅದೇ ಮಿತಿ. ಆರೂಮುಕ್ಕಾಲು ಗಂಟೆಗೆ ಅದು ತುಂಬಿಹೋಗುತ್ತದೆ, ಮಂಗಳ ಹಾಡುವ ಹೊತ್ತಿಗೆ ಸರಿಯಾಗಿ! ಪ್ರಸಂಗದ ನಡುವೆ ಸಂದಿ ನೋಡಿ ಕಡತ ಒಡೆಯುವುದು, ಡಿಸ್ಕನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಬದಲಾಯಿಸಿಕೊಳ್ಳುವುದು ಇದಕ್ಕೆ ಮದ್ದು.

ಮೆಮೊರಿ ಕಾರ್ಡ್ ಕಾಲದ ಎಂಪಿ3ಗಳ ಬಗ್ಗೆ ಒಂದೇ ಮಾತು. 128 ಕಿಲೋಬಿಟ್ಟಿನದನ್ನು 320ಕ್ಕೆ ‘ಏರಿಸಿ’ ಇಟ್ಟುಕೊಂಡು ಗುಣಮಟ್ಟ ಹೆಚ್ಚಿತೆಂದು ಸಂತೋಷಪಡುವವರಿದ್ದಾರೆ. ಹೆಚ್ಚಿದ್ದು ಜಾಗ ಮಾತ್ರ.

ಎಲ್ಲಿಡುವುದು

ಸಿ.ಡಿ.ಗೆ ಬರೆದು ನಿಶ್ಚಿಂತರಾದವರು ಈಗ ಒಮ್ಮೆ ತೆಗೆದು ನೋಡಬೇಕು. ಮನೆಯಲ್ಲಿ ಬರೆದ ಸಿ.ಡಿ.ಯಲ್ಲಿ ಮಾಹಿತಿ ಇರುವುದು ಒಂದು ಬಣ್ಣದ ಪದರದಲ್ಲಿ; ಬೆಳಕು, ಶಾಖಕ್ಕೆ ಅದು ಮಾಸುತ್ತದೆ. ನಾವು ಜೋಪಾನ ಮಾಡುವುದು ಹೊಳೆಯುವ ಮೈಯನ್ನು, ಆದರೆ ಹೆಚ್ಚು ನಾಜೂಕಾದದ್ದು ಹೆಸರು ಬರೆಯುವ ಮೇಲ್ಮೈ. ಅದರಡಿಯಲ್ಲೇ ಪ್ರತಿಫಲಿಸುವ ಲೋಹದ ಪದರ ಇದೆ. ಸಿ.ಡಿ.ಯಲ್ಲಿ ಮಾತ್ರ ಇರುವುದನ್ನೆಲ್ಲ ಈ ವರ್ಷವೇ ಹೊರತೆಗೆಯಿರಿ, ಸಿ.ಡಿ. ಡ್ರೈವುಗಳೇ ಅಪರೂಪವಾಗುತ್ತಿವೆ.

ಪೆನ್‌ಡ್ರೈವ್ ಸಾಗಿಸಲಿಕ್ಕೆ, ಸಂಗ್ರಹಕ್ಕಲ್ಲ. ಎಸ್‌ಎಸ್‌ಡಿಯೂ ಕರೆಂಟಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದರೆ ಒಳಗಿನ ವಿದ್ಯುದಂಶ ಸೋರಿ ಮಾಹಿತಿ ಕಳೆದುಕೊಳ್ಳುವ ಸಾಧ್ಯತೆ ಇದೆ. ತಿರುಗುವ ಹಾರ್ಡ್ ಡಿಸ್ಕೇ ಇಂದಿಗೂ ಮನೆಯವರಿಗೆ ಸರಿ. ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿ ತನ್ನ ಲಕ್ಷಾಂತರ ಡಿಸ್ಕುಗಳ ಲೆಕ್ಕವನ್ನು ವರ್ಷಗಳಿಂದ ಬಹಿರಂಗಪಡಿಸುತ್ತಿದೆ. ಅದರಂತೆ ವರ್ಷಕ್ಕೆ ನೂರಕ್ಕೆ ಒಂದೆರಡು ಕೆಡುತ್ತವೆ. ಆದರೆ ಅವು ತಂಪು ಕೋಣೆಯಲ್ಲಿ, ಎಡೆಬಿಡದ ವಿದ್ಯುತ್ತಿನಲ್ಲಿ ಬಾಳುವ ಡಿಸ್ಕುಗಳು. ನಮ್ಮವು ಮೇಜಿನಿಂದ ಬೀಳುತ್ತವೆ, ಹಾಡು ನಕಲಾಗುತ್ತಿರುವಾಗ ಕರೆಂಟ್ ಹೋಗುತ್ತದೆ, ಏಪ್ರಿಲ್-ಮೇ ತಿಂಗಳ ಸಂಜೆಗುಡುಗಿಗೆ ಇಡೀ ಬೀದಿಯ ಟೀವಿ, ಮೋಡೆಮ್‌ಗಳು ಸುಟ್ಟು ಕೂರುತ್ತವೆ. ಕಂಪ್ಯೂಟರಿಗೆ ಸದಾ ಸಿಕ್ಕಿಸಿಟ್ಟ ಎರಡು ಡಿಸ್ಕುಗಳು ಒಂದು ಸಿಡಿಲಿನ ಲೆಕ್ಕದಲ್ಲಿ ಒಂದೇ ಡಿಸ್ಕು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಲೆಕ್ಕದಲ್ಲೂ ಅಷ್ಟೇ. ಕನಿಷ್ಠ ಒಂದಾದರೂ ವೈರ್ ಕಳಚಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇರಬೇಕು. ಎರಡನ್ನೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಮಾದರಿಯವನ್ನು ಕೊಳ್ಳದಿರುವುದು ಜಾಣತನ. ಒಂದೇ ಕಂತಿನ ದೋಷ ಎರಡಕ್ಕೂ ಇದ್ದೀತು.

ಎರಡು ಡಿಸ್ಕುಗಳಿಗೆ ಒಟ್ಟೊಟ್ಟಿಗೆ ಬರೆಯುವ ರೇಡ್ ಪೆಟ್ಟಿಗೆಗಳನ್ನು ಅಂಗಡಿಯವರು ಬ್ಯಾಕಪ್ ಎಂದು ಮಾರುತ್ತಾರೆ. ಒಂದು ಡಿಸ್ಕ್ ಕೆಟ್ಟರೆ ಹಾಡು ನಿಲ್ಲದು ಎಂಬಷ್ಟೇ ಅದರ ಉಪಕಾರ. ನೀವು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಅದು ಎರಡರಿಂದಲೂ ತಕ್ಷಣ ಅಳಿಸುತ್ತದೆ.

ಎರಡು ನದಿಗಳ ಲೆಕ್ಕ

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಹೇಳಿ ಹೆಸರಾದ 3-2-1 ಸೂತ್ರ ಈಗ ಎಲ್ಲರ ಬಾಯಲ್ಲಿದೆ. ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ಮೊದಲೆರಡನ್ನು ಎಲ್ಲರೂ ಹೇಗೋ ಪಾಲಿಸುತ್ತಾರೆ. ಬೇರೆ ಜಾಗದ ಪ್ರತಿಯಲ್ಲೇ ಸೋಮಾರಿತನ. ಶಿವಮೊಗ್ಗ-ಭದ್ರಾವತಿಯವರಿಗೆ ಇಲ್ಲೊಂದು ಅನುಕೂಲವಿದೆ. ಎರಡು ಊರುಗಳ ನಡುವೆ ಸುಮಾರು 20 ಕಿಲೋಮೀಟರ್, ಬಸ್ಸಿಗೆ ಕಾಯಬೇಕಾಗಿಲ್ಲ, ಒಂದೂರಿನವರಿಗೆ ಇನ್ನೊಂದೂರಿನಲ್ಲಿ ಅಕ್ಕನೋ ಬೀಗರೋ ಇದ್ದೇ ಇರುತ್ತಾರೆ. ನಿಮ್ಮ ಡಿಸ್ಕ್ ನಮ್ಮಲ್ಲಿ, ನಮ್ಮದು ನಿಮ್ಮಲ್ಲಿ ಎಂದು ಬದಲಾಯಿಸಿಕೊಳ್ಳುವುದಕ್ಕೆ ತಿಂಗಳ ಬಾಡಿಗೆಯಿಲ್ಲ, ಇಂಟರ್‌ನೆಟ್ಟೂ ಬೇಡ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಹೋದಾಗ ಹೊಸ ಡಿಸ್ಕ್ ಕೊಟ್ಟು ಹಳೆಯದನ್ನು ತಂದು ಹೊಸ ಹಾಡು ತುಂಬಿಸಿಟ್ಟುಕೊಂಡರಾಯಿತು.

ಇದಕ್ಕೆ ಎದ್ದೇಳುವ ಆಕ್ಷೇಪಣೆಯೂ ನಮ್ಮ ಊರಿನದೇ. ತುಂಗೆ, ಭದ್ರೆ ಎರಡೂ ಹುಟ್ಟುವುದು ಗಂಗಾಮೂಲದಲ್ಲಿ, ಕೂಡುವುದು ಕೂಡ್ಲಿಯಲ್ಲಿ. ಘಟ್ಟದಲ್ಲಿ ಹೊಡೆಯುವ ಮಳೆ ಎರಡಕ್ಕೂ ಒಂದೇ. 2019ರ ಆಗಸ್ಟಿನಲ್ಲಿ ತುಂಗೆ ಶಿವಮೊಗ್ಗದ ತಗ್ಗು ಬಡಾವಣೆಗಳ ಮನೆಗಳಿಗೆ ನುಗ್ಗಿತು. ಭದ್ರಾವತಿಯಲ್ಲಿ ಭದ್ರಾ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಹೊಸ ಸೇತುವೆ ಮುಳುಗುವುದು, ಹೊಳೆಯಂಚಿನ ಬೀದಿಗಳವರು ಸಾಮಾನು ಎತ್ತುವುದು ಗೊತ್ತಿದ್ದದ್ದೇ. ವೃತ್ತಿಪರರನ್ನು ಕೇಳಿದರೆ ಎರಡು ಪ್ರತಿಗಳ ನಡುವೆ ನೂರಾರು ಕಿಲೋಮೀಟರ್ ಇರಬೇಕು ಎಂದಾರು. ನನಗೆ ಆ ಮಾತು ಬ್ಯಾಂಕುಗಳಿಗೆ ಸರಿ ಅನಿಸುತ್ತದೆ. ನದಿ ನೀರು ಕಿಲೋಮೀಟರ್ ನೋಡುವುದಿಲ್ಲ, ಮಟ್ಟ ನೋಡುತ್ತದೆ. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೆಂದರೆ ತುಂಗೆ ತುಂಬಿತೆಂದು ಲೆಕ್ಕ ಹಾಕುವ ಊರು ನಮ್ಮದು. ಯಾವ ಬೀದಿಗೆ ನೀರು ಬರುತ್ತದೆ, ಯಾವುದಕ್ಕಿಲ್ಲ ಎಂಬುದು ಹಿರಿಯರಿಗೆ ಬಾಯಿಪಾಠ. ಭದ್ರಾವತಿಯ ನೆಂಟರ ಮನೆ ಎತ್ತರದಲ್ಲಿದ್ದು ಡಿಸ್ಕ್ ಅಟ್ಟದ ಮೇಲಿದ್ದರೆ, ಬೆಂಕಿ, ಕಳ್ಳತನ, ಸಿಡಿಲು, ನೆರೆ ನಾಲ್ಕಕ್ಕೂ ಅದು ಉತ್ತರ. ಎರಡೂ ಮನೆ ಹೊಳೆಯ ದಂಡೆಯಲ್ಲಿದ್ದರೆ ಮಾತ್ರ ಮೂರನೆಯ ನೆಂಟರನ್ನು ಹುಡುಕಬೇಕು.

ಬಿತ್ತನೆಯ ಪಾಲಿಗೆ ಇಷ್ಟು ಸಾಲದು. ಅದನ್ನು ಕ್ಲೌಡಿಗೂ ಏರಿಸಬೇಕು. ಪೂರ್ತಿ ಸಂಗ್ರಹ ಏರಿಸಲು ಹೊರಟವರು ಅರ್ಧದಲ್ಲಿ ಬಿಡುತ್ತಾರೆ. ಸೆಕೆಂಡಿಗೆ 20 ಮೆಗಾಬಿಟ್ ಏರುವ ಸಂಪರ್ಕದಲ್ಲಿ 1 ಟಿ.ಬಿ. ಹೋಗಲು ನಿಲ್ಲದೆ ನಾಲ್ಕೂವರೆ ದಿನಕ್ಕಿಂತ ಹೆಚ್ಚು ಬೇಕು, ನಡುವೆ ಕರೆಂಟು ಹೋಗದಿದ್ದರೆ. ಆದರೆ ಮನೆಯವರ ಧ್ವನಿ, ಬಯಲಾಟ, ಸೋಬಾನೆಗಳ ಹತ್ತು ಪಾಲು ಒಂದೆರಡು ರಾತ್ರಿಯ ಕೆಲಸ. ಯೂಟ್ಯೂಬಿಗೆ ಹಾಕಿದ್ದೇನೆ, ಸಾಕಲ್ಲ ಎಂದರೆ ಸಾಲದು. ಅಲ್ಲಿ ಧ್ವನಿಯನ್ನು ಮತ್ತೆ ಹಿಂಡಿ ಸಣ್ಣದು ಮಾಡುತ್ತಾರೆ, ಯಾವುದೋ ಕಂಪನಿ ಹಕ್ಕು ಕೇಳಿದರೆ ತಡೆಯೂ ಬಿದ್ದೀತು.

ಪ್ರತಿ ಇದ್ದರೆ ಸಾಲದು, ಅದು ತೆರೆದುಕೊಳ್ಳಬೇಕು. ವರ್ಷಕ್ಕೊಮ್ಮೆ ಬೀರುವಿನ ಡಿಸ್ಕಿನಿಂದ ಮನಬಂದ ಇಪ್ಪತ್ತು ಕಡತ ತೆಗೆದು ಕೊನೆಯವರೆಗೂ ನುಡಿಸಿ ನೋಡುವುದು ಹಳೆಯ ಪದ್ಧತಿ, ಕೆಟ್ಟದ್ದೇನಲ್ಲ. ಅದಕ್ಕಿಂತ ಗಟ್ಟಿ ಪದ್ಧತಿ ಚೆಕ್‌ಸಮ್. ಪ್ರತಿ ಕಡತದ ಒಳಗಿನದನ್ನೆಲ್ಲ ಗಣಿಸಿ ತೆಗೆದ ಒಂದು ಉದ್ದದ ಸಂಖ್ಯೆ ಅದು. ಒಂದೇ ಒಂದು ಬಿಟ್ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ಫ್ಲ್ಯಾಕ್‌ನ ಒಂದು ಗುಣ ಇಲ್ಲಿ ನೆರವಿಗೆ ಬರುತ್ತದೆ. ಅಂಥ ಸಂಖ್ಯೆಯನ್ನು ಅದು ತನ್ನೊಳಗೇ ಹೊತ್ತಿರುತ್ತದೆ, ಪರೀಕ್ಷಿಸುವ ಆದೇಶ ಕೊಟ್ಟರೆ ಸಾವಿರಾರು ಹಾಡುಗಳಲ್ಲಿ ಯಾವುದು ಕೆಟ್ಟಿದೆ ಎಂದು ತಾನೇ ಹೇಳುತ್ತದೆ. ಎಂಪಿ3ಗಳಿಗೆ ಪಟ್ಟಿಯನ್ನು ನಾವೇ ಮಾಡಿಡಬೇಕು. ಕೆಟ್ಟ ಕಡತವನ್ನು ಒಳ್ಳೆಯ ಪ್ರತಿಯ ಮೇಲೆ ನಕಲು ಮಾಡಿ ಎರಡನ್ನೂ ಕಳೆದುಕೊಳ್ಳುವುದು ಈ ಹವ್ಯಾಸದ ಅತಿ ಸಾಮಾನ್ಯ ದುರಂತ.

ಹೆಸರು ಓದಲಾಗದ ಹಾಡು

ಕನ್ನಡ ಸಂಗ್ರಹಗಳಿಗೇ ವಿಶೇಷವಾದ ಕೇಡೊಂದಿದೆ. ಬ್ಯಾಕಪ್ ಸಲಹೆಗಾರರು ಅದರ ಸುದ್ದಿಯೇ ಎತ್ತುವುದಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಹಾಡಿನ ಪಟ್ಟಿಗಳು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಯುರೋಪಿಯನ್ ಅಕ್ಷರಗಳ ಸಂತೆ. ಕಡತ ಸುರಕ್ಷಿತ, ಆದರೆ ಯಾವ ಹಾಡು, ಯಾರದು ಗೊತ್ತಾಗದು. ಎಂಪಿ3 ಕಡತದ ಬಾಲದಲ್ಲಿ ಹೆಸರು ಬರೆಯುವ ಮೊದಲ ವ್ಯವಸ್ಥೆಯಲ್ಲಿ ಹಾಡುಗಾರನ ಹೆಸರಿಗೆ ಸಿಗುತ್ತಿದ್ದದ್ದು 30 ಬೈಟ್ ಮಾತ್ರ. ಯೂನಿಕೋಡಿನ ಬಳಕೆಯ ರೂಪದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. ‘ಶಿವಮೊಗ್ಗ ಸುಬ್ಬಣ್ಣ’ ಎಂದು ಬರೆಯಲು 49 ಬೈಟ್. ಸುಬ್ಬಣ್ಣನವರು ಹಿಡಿಸಲೇ ಇಲ್ಲ!

ಆದ್ದರಿಂದ ಬಹುತೇಕರು ರೋಮನ್ ಲಿಪಿಗೆ ಶರಣಾದರು. ತತ್ವಪದಕ್ಕೆ ಐದು ಬಗೆಯ ಕಾಗುಣಿತ, ಊರಿನ ಹೆಸರಿಗೂ ಎರಡು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಊರು ಶಿವಮೊಗ್ಗವಾಯಿತು, ಫೋಲ್ಡರುಗಳಲ್ಲಿ ಇನ್ನೂ ಶಿಮೊಗವೇ ಇದೆ. ಹುಡುಕಿದರೆ ಅರ್ಧ ಸಿಗುತ್ತದೆ, ಉಳಿದರ್ಧ ಇಲ್ಲವೆಂದುಕೊಂಡು ಮತ್ತೆ ನಕಲು ಸೇರಿಸುತ್ತೇವೆ. ಈಗಿನ ಟ್ಯಾಗ್ ವ್ಯವಸ್ಥೆಗಳು ಕನ್ನಡವನ್ನು ಚೆನ್ನಾಗಿಯೇ ಹೊರುತ್ತವೆ. ಕಡತದ ಹೆಸರನ್ನು ಸರಳವಾಗಿ ಇಟ್ಟು, ಒಳಗಿನ ಟ್ಯಾಗನ್ನು ಕನ್ನಡದಲ್ಲಿ ತುಂಬಿ, ಜತೆಗೆ ಫೋಲ್ಡರಿಗೊಂದು ಸಾದಾ ಪಠ್ಯದ ಕಡತದಲ್ಲಿ ಯಾರು, ಎಲ್ಲಿ, ಯಾವಾಗ ಎಂದು ಬರೆದಿಡುವುದು ನಾನು ಕಂಡ ಕ್ರಮಗಳಲ್ಲಿ ಹೆಚ್ಚು ಬಾಳುವಂಥದ್ದು. ಕ್ಯಾಸೆಟ್ಟಿನ ಲೇಬಲ್ಲನ್ನೂ ಒಳಗಿನ ಕಾಗದವನ್ನೂ ಫೋನಿನಲ್ಲಿ ಫೋಟೋ ತೆಗೆದು ಅಲ್ಲೇ ಸೇರಿಸಿದರೆ ಇನ್ನೂ ಒಳ್ಳೆಯದು.

ಕಾನೂನಿನ ಮಾತು ಚಿಕ್ಕದು. ಖಾಸಗಿ ಬಳಕೆಗೆ ನ್ಯಾಯವಾದ ಮಟ್ಟಿಗೆ ನಕಲು ಮಾಡಿಕೊಳ್ಳಲು 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಕಲಮಿನಲ್ಲಿ ಅವಕಾಶವಿದೆ. ಧ್ವನಿಮುದ್ರಣದ ಹಕ್ಕು ಪ್ರಕಟಣೆಯಿಂದ 60 ವರ್ಷ. ಹಂಚುವುದು, ಮಾರುವುದು ಬೇರೆ ಮಾತು. ಅಂಟಿಗೆ ಪಂಟಿಗೆಯವರ ಪದವನ್ನೋ ನೆರೆಮನೆಯ ಅಜ್ಜಿಯ ಸೋಬಾನೆಯನ್ನೋ ಬಹಿರಂಗಕ್ಕೆ ಹಾಕುವ ಮುಂಚೆ ಹಾಡಿದವರನ್ನು ಕೇಳಬೇಕು, ಕಾನೂನು ಏನೇ ಹೇಳಲಿ.

ಸಂಗ್ರಹಕಾರ ಹೋದ ಮೇಲೆ ಏನು ಎಂಬುದು ಕೊನೆಗೆ ಉಳಿಯುವ ಪ್ರಶ್ನೆ. ಎರಡು ವರ್ಷ ಯಾರೂ ತೆರೆಯದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು. 2023ರ ಡಿಸೆಂಬರಿನಿಂದ ಆ ನಿಯಮ ಜಾರಿಯಲ್ಲಿದೆ. ತನ್ನ ನಂತರ ಖಾತೆ ಯಾರಿಗೆ ಹೋಗಬೇಕೆಂದು ಮೊದಲೇ ಹೇಳಿಡುವ ಏರ್ಪಾಡೂ ಅದರಲ್ಲೇ ಇದೆ, ಬಳಸುವವರು ಕಡಿಮೆ. ಗುಪ್ತಪದ ಹಾಕಿದ ಡಿಸ್ಕ್ ಮಕ್ಕಳ ಪಾಲಿಗೆ ಕಾಗದ ಒತ್ತುವ ತೂಕದ ಕಲ್ಲು. ಮನೆಯಲ್ಲಿ ಒಬ್ಬರಿಗಾದರೂ ಡಿಸ್ಕುಗಳು ಎಲ್ಲಿವೆ, ಭದ್ರಾವತಿಯಲ್ಲಿ ಯಾರ ಅಟ್ಟದಲ್ಲಿವೆ, ಯಾವ ಫೋಲ್ಡರಿಗೆ ಮೊದಲು ಕೈ ಹಾಕಬೇಕು ಎಂದು ಗೊತ್ತಿರಬೇಕು. ಅದನ್ನು ಬರೆಯುವ ಜಾಗ ಕಂಪ್ಯೂಟರ್ ಅಲ್ಲ, ಜಮೀನಿನ ಕಾಗದ ಪತ್ರ ಇಡುವ ಫೈಲು.

ಸಂಸ್ಥೆಗಳಿಗೆ ಕೊಡುವ ದಾರಿಯೂ ಇದೆ. ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಶುರುಮಾಡಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಡಿಜಿಟಲ್ ಮಾಡಿ ಕೇಳಲು ಇಟ್ಟಿದೆ. ಜನಪದಕ್ಕೆಂದೇ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ವಿಶ್ವವಿದ್ಯಾಲಯವಿದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲೇ ಕುವೆಂಪು ವಿಶ್ವವಿದ್ಯಾಲಯವಿದೆ. ಎರಡು ಊರಿನ ಮನೆಗಳ ಟೇಪುಗಳಿಗೆ ಒಂದು ಧ್ವನಿಭಂಡಾರ ಅಲ್ಲಿದ್ದರೆ ಅದಕ್ಕಿಂತ ಸರಿಯಾದ ಜಾಗವಿಲ್ಲ ಎಂಬುದು ನನ್ನ ಅಭಿಪ್ರಾಯ. ಯಾವ ಭಂಡಾರವೇ ಆಗಲಿ ಮೊದಲು ಕೇಳುವುದು ಡಿಸ್ಕಿನ ಗಾತ್ರವನ್ನಲ್ಲ. ಹಾಡಿದವರು ಯಾರು, ಯಾವ ಊರು, ಯಾವ ವರ್ಷ, ಒಪ್ಪಿಗೆ ಇದೆಯೇ ಎಂದು ಕೇಳುತ್ತದೆ. 1980ರ ದಶಕದ ಕ್ಯಾಸೆಟ್ಟೊಂದಕ್ಕೆ ಈ ಉತ್ತರ ಕೊಡಬಲ್ಲವರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಹಾಗಾಗಿ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವ ಆ ಒಂದು ಗಂಟೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇನ್ನೊಂದು ಫೋನಿನಲ್ಲಿ ಅವರ ಮಾತನ್ನೂ ಹಿಡಿಯುವುದು ಒಳ್ಳೆಯದು. ‘ಇದು ನಿಮ್ಮ ದೊಡ್ಡಪ್ಪನ ಮದುವೆ ಹಿಂದಿನ ದಿನ, ಮದ್ದಳೆಗೆ ಕೂತವರು ಕೆಳಗಿನ ಮನೆಯವರು’ ಎಂಬಂಥ ಮಾತುಗಳು ಯಾವ ಟ್ಯಾಗಿನಲ್ಲೂ ಹಿಡಿಸುವುದಿಲ್ಲ. ಆ ಕಡತಕ್ಕೂ ಕ್ಯಾಸೆಟ್ಟಿನದೇ ಸಂಖ್ಯೆ ಕೊಟ್ಟು ಅದೇ ಫೋಲ್ಡರಿನಲ್ಲಿಟ್ಟರೆ ಮೂರೂ ಪ್ರತಿಗಳಿಗೆ ತಾನಾಗಿಯೇ ಹೋಗುತ್ತದೆ.